ಏಕಾಂತ ಬೇಕು, ಒಂಟಿತನ ಬೇಡ
ಸಿ.ಎ. ಪರೀಕ್ಷೆಗೆ ಓದುತ್ತಿರುವ ನಮ್ಮ ಮಕ್ಕಳ ಕುರಿತು ಒಂದು ಚಿಂತನೆ

ಬೆಂಗಳೂರಿನ ಲಾಲ್‌ಬಾಗಿನ ಮಗ್ಗುಲಲ್ಲಿರುವ ಸಿದ್ದಾಪುರ ಸದಾ ಗಿಜಿಗುಡುವ ಬಡಾವಣೆ. ಒಂದು ಕಡೆ ವಿಲ್ಸನ್ ಗಾರ್ಡನ್, ಇನ್ನೊಂದು ಕಡೆ ಜಯನಗರದ ಅಶೋಕ ಸ್ತಂಭ, ಹತ್ತಿರದಲ್ಲೇ ಹೊಸೂರು ರಸ್ತೆ. ಇಷ್ಟೊಂದು ಜನಸಂದಣಿಯ ನಡುವೆ ಒಂಟಿತನಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಆದರೆ ಇಲ್ಲಿನ ಮಹಡಿಯ ಮೇಲಿನ ಸಣ್ಣ ಬಾಡಿಗೆ ಕೋಣೆಗಳಲ್ಲಿಯೂ ಪಿ.ಜಿ. ವಸತಿಗಳಲ್ಲಿಯೂ ದಿನಕ್ಕೆ ಹತ್ತು ಹನ್ನೆರಡು ಗಂಟೆ ಪುಸ್ತಕದ ಮುಂದೆ ಕುಳಿತಿರುವ ಯುವಕ ಯುವತಿಯರನ್ನು ಕೇಳಿದರೆ ಬೇರೆಯೇ ಉತ್ತರ ದೊರೆಯುತ್ತದೆ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಹೋಟೆಲಿನ ಮಾಣಿಯ ಹೊರತು ಇನ್ನಾರೊಡನೆಯೂ ಒಂದು ಮಾತನ್ನೂ ಆಡದ ದಿನಗಳು ಅವರ ಬದುಕಿನಲ್ಲಿ ಎಷ್ಟೋ ಬರುತ್ತವೆ.

ಇವರಲ್ಲಿ ನಮ್ಮ ಕಥೋಲಿಕ ಕುಟುಂಬಗಳ ಮಕ್ಕಳೂ ಇದ್ದಾರೆ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಮೈಸೂರು ಕಡೆಯಿಂದ ಬಂದವರಿದ್ದಾರೆ. ಯೇಸುಸ್ವಾಮಿಯ ಯಾತನೆ ಮರಣಗಳ ನಾಟಕಕ್ಕೆ ಹೆಸರಾದ ಕನಕಪುರ ತಾಲ್ಲೂಕಿನ ಹಾರೋಬೆಲೆಯಂತಹ ಹಳ್ಳಿಗಳಿಂದ ಬರುವವರೂ ಉಂಟು. ಅಂಥ ಊರುಗಳಲ್ಲಿ ದೇವಾಲಯದ ಗಂಟೆ ಬಾರಿಸಿದರೆ ಊರಿಗೆ ಊರೇ ಕೂಡುತ್ತದೆ. ಒಬ್ಬರು ಭಾನುವಾರದ ಪೂಜೆಗೆ ಬಾರದಿದ್ದರೆ ಸಂಜೆಯೊಳಗೆ ನಾಲ್ಕು ಮನೆಯವರು ವಿಚಾರಿಸುತ್ತಾರೆ. ಅಲ್ಲಿ ಬೆಳೆದ ಹುಡುಗ ಇಲ್ಲಿ ಮೂರು ಭಾನುವಾರ ಪೂಜೆಗೆ ಬಾರದಿದ್ದರೂ ಯಾರ ಗಮನಕ್ಕೂ ಬರುವುದಿಲ್ಲ. ನಾವು ಇಂದು ಯೋಚಿಸಬೇಕಾದ ವಿಷಯ ಇದು.

ಪರೀಕ್ಷೆಯ ಸ್ವರೂಪ

ಹೆತ್ತವರಲ್ಲಿ ಅನೇಕರಿಗೆ ಸಿ.ಎ. ಎಂದರೆ ಒಳ್ಳೆಯ ಸಂಪಾದನೆಯ ಉದ್ಯೋಗ ಎಂಬಷ್ಟೇ ತಿಳಿದಿರುತ್ತದೆ. ಅದರ ದಾರಿ ಹೇಗಿದೆ ಎಂಬುದನ್ನು ಅರಿಯದೆ ಆ ದಾರಿಯಲ್ಲಿ ನಡೆಯುವವರ ಕಷ್ಟವನ್ನು ಅರಿಯಲಾಗದು.

1949ರ ಕಾಯಿದೆಯ ಪ್ರಕಾರ ಸ್ಥಾಪಿತವಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಈ ಪರೀಕ್ಷೆಗಳನ್ನು ನಡೆಸುತ್ತದೆ. ಫೌಂಡೇಶನ್, ಇಂಟರ್‌ಮೀಡಿಯೇಟ್, ಫೈನಲ್ ಎಂದು ಮೂರು ಹಂತಗಳು. ಈಗಿನ ಪದ್ಧತಿಯಲ್ಲಿ ಇಂಟರ್‌ಮೀಡಿಯೇಟ್ ಮತ್ತು ಫೈನಲ್ ಹಂತಗಳಲ್ಲಿ ಮೂರು ಮೂರು ವಿಷಯಗಳ ಎರಡೆರಡು ಗ್ರೂಪುಗಳಿವೆ. ಪ್ರತಿ ವಿಷಯದಲ್ಲೂ ಕನಿಷ್ಠ 40 ಅಂಕ ಬರಬೇಕು. ಗ್ರೂಪಿನ ಒಟ್ಟು 300ರಲ್ಲಿ 150 ಆಗಬೇಕು. ಒಂದೇ ಗ್ರೂಪು ಬರೆದಾಗ ಮೂರರಲ್ಲೂ 40 ದಾಟಿದರೂ ಒಟ್ಟು 149 ಆದರೆ ಆ ಗ್ರೂಪು ಕೈತಪ್ಪಿತು. ಒಟ್ಟು 180 ಬಂದರೂ ಒಂದು ವಿಷಯದಲ್ಲಿ 39 ಬಂದರೆ ಆಗಲೂ ತಪ್ಪಿತು. ಅಂತಹ ಸಂದರ್ಭದಲ್ಲಿ 60 ಅಥವಾ ಹೆಚ್ಚು ಅಂಕ ಗಳಿಸಿದ ವಿಷಯವನ್ನು ಮುಂದಿನ ಸಲ ಬರೆಯದಿರಲು ವಿನಾಯಿತಿ ದೊರೆಯುತ್ತದೆ ಎಂಬುದೊಂದು ಸಮಾಧಾನ. ಉತ್ತರಗಳನ್ನು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ವಿಷಯದೊಂದಿಗೆ ಭಾಷೆಯನ್ನೂ ಒಬ್ಬರೇ ಎದುರಿಸಬೇಕು.

ಇಂತಹ ನಿಯಮಗಳಿರುವಲ್ಲಿ ಎರಡನೆಯ ಅಥವಾ ಮೂರನೆಯ ಸಲ ಪರೀಕ್ಷೆಗೆ ಕುಳಿತುಕೊಳ್ಳುವುದು ಅಪಮಾನದ ವಿಷಯವಲ್ಲ. ಈ ದಾರಿಯಲ್ಲಿ ಅದು ಸಾಮಾನ್ಯ. ಇದನ್ನು ಮನೆಯವರು ಮೊದಲು ತಿಳಿಯಬೇಕು.

ಇನ್ನೊಂದು ಸಂಗತಿ ಒಂಟಿತನಕ್ಕೆ ನೇರವಾಗಿ ಸಂಬಂಧಿಸಿದ್ದು. ಹಿಂದೆ ಮೂರು ವರ್ಷಗಳ ಆರ್ಟಿಕಲ್‌ಶಿಪ್ ತರಬೇತಿ ಇತ್ತು. ಅದರ ಕೊನೆಯ ಆರು ತಿಂಗಳಲ್ಲಿಯೇ ಫೈನಲ್ ಪರೀಕ್ಷೆ ಬರೆಯುವ ಅವಕಾಶವಿತ್ತು. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಯೋಜನೆಯಲ್ಲಿ ತರಬೇತಿ ಎರಡು ವರ್ಷಕ್ಕೆ ಇಳಿದಿದೆ. ಅದು ಮುಗಿದ ಮೇಲೆ ಆರು ತಿಂಗಳು ಓದಿಗೆಂದೇ ಮೀಸಲು, ಅನಂತರ ಫೈನಲ್. ಓದಿಗೆ ಬಿಡುವು ದೊರೆತದ್ದು ಒಳ್ಳೆಯದೇ. ಆದರೆ ಎರಡು ವರ್ಷ ದಿನವೂ ಕಚೇರಿಗೆ ಹೋಗಿ, ಹಿರಿಯರಿಂದ ಬೈಸಿಕೊಂಡು, ಜೊತೆಯವರೊಂದಿಗೆ ಚಹಾ ಕುಡಿದು, ಆಡಿಟ್‌ಗೆಂದು ಊರೂರು ಸುತ್ತಿದ ಹುಡುಗಿ ಒಂದು ದಿನ ಬೆಳಿಗ್ಗೆ ಎದ್ದರೆ ಹೋಗಲು ಕಚೇರಿ ಇಲ್ಲ, ಕಾಯುವವರು ಇಲ್ಲ. ಕಾಲೇಜು ಮುಗಿದಿದೆ, ಉದ್ಯೋಗ ಇನ್ನೂ ಬಂದಿಲ್ಲ. ಜೊತೆಗೆ ಪದವಿ ಓದಿದವರು ಸಂಬಳ ತರುತ್ತಿದ್ದಾರೆ, ಕೆಲವರಿಗೆ ಮದುವೆಯೂ ಆಗಿದೆ. ಸೋದರಸಂಬಂಧಿಯ ನಿಶ್ಚಿತಾರ್ಥಕ್ಕೂ ಊರಿನ ಹಬ್ಬದ ತೇರಿಗೂ ‘ಪರೀಕ್ಷೆ ಇದೆ’ ಎಂದು ತಪ್ಪಿಸಿಕೊಂಡು, ಕೊನೆಗೆ ಕರೆಯುವವರೂ ಕಡಿಮೆಯಾಗುತ್ತಾರೆ. ಒಂಟಿತನ ಒಂದೇ ದಿನ ಬಂದು ಎರಗುವುದಿಲ್ಲ. ಹೀಗೆ ಮೆಲ್ಲಮೆಲ್ಲನೆ ಒಳಗೆ ಬಂದು ಕುಳಿತುಕೊಳ್ಳುತ್ತದೆ.

ಇದು ಒಬ್ಬಿಬ್ಬರ ದೌರ್ಬಲ್ಯವೆಂದು ತಿಳಿಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವೃದ್ಧರಷ್ಟೇ ಅಲ್ಲ, ಹರೆಯದವರಲ್ಲಿಯೂ ಅದು ಬಹಳವಾಗಿದೆ.

ಎಲೀಯನ ತಪ್ಪು ಲೆಕ್ಕ

ನಮ್ಮ ಭಾಷೆಯಲ್ಲಿ ಏಕಾಂತ ಎಂಬ ಮಾತೂ ಇದೆ, ಒಂಟಿತನ ಎಂಬ ಮಾತೂ ಇದೆ. ಎರಡೂ ಒಂದೇ ಅಲ್ಲ. ಏಕಾಂತವನ್ನು ನಾವಾಗಿ ಆರಿಸಿಕೊಳ್ಳುತ್ತೇವೆ. ಅದು ಮುಗಿದ ಮೇಲೆ ಮರಳಲು ಒಂದು ಮನೆ ಇರುತ್ತದೆ. ಒಂಟಿತನದಲ್ಲಿ ಮರಳಲು ಎಲ್ಲಿಯೂ ಇಲ್ಲವೆನಿಸುತ್ತದೆ. ಯೇಸುಸ್ವಾಮಿ ಪ್ರಾರ್ಥನೆಗೆಂದು ಬೆಟ್ಟಕ್ಕೆ ಒಬ್ಬರೇ ಹೋಗುತ್ತಿದ್ದರು, ಅದು ಏಕಾಂತ. ಆದರೆ ಗೆತ್ಸೆಮನೆಯ ತೋಟದಲ್ಲಿ, ಕಠಿಣ ಪರೀಕ್ಷೆಯ ಆ ರಾತ್ರಿ, ಅವರು ಮೂವರು ಶಿಷ್ಯರನ್ನು ಜೊತೆಗೆ ಕರೆದೊಯ್ದರು. ತಮ್ಮೊಡನೆ ಎಚ್ಚರವಾಗಿರಿ ಎಂದು ಕೇಳಿಕೊಂಡರು. ಶಿಷ್ಯರು ನಿದ್ದೆಹೋದಾಗ ನೊಂದರು. ದೇವಪುತ್ರರೇ ಜೊತೆ ಬೇಕೆಂದು ಬಾಯಿಬಿಟ್ಟು ಕೇಳಿರುವಾಗ ಇಪ್ಪತ್ಮೂರು ವರ್ಷದ ವಿದ್ಯಾರ್ಥಿಯೊಬ್ಬ ಹಾಗೆ ಕೇಳಲು ನಾಚಬೇಕಾಗಿಲ್ಲ.

ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ಎಲೀಯನ ಪ್ರಸಂಗ ಇನ್ನೂ ಸ್ಪಷ್ಟವಾಗಿದೆ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ನಮ್ಮ ವಿದ್ಯಾರ್ಥಿಗಳು ಬಿಡುವಾದಾಗ ತೆರೆದು ಓದಬೇಕು. ಪ್ರಾಣಭಯದಿಂದ ಓಡಿದ ಎಲೀಯ ತನ್ನ ಸೇವಕನನ್ನೂ ಹಿಂದೆ ಬಿಟ್ಟು ಮರುಭೂಮಿಗೆ ಒಬ್ಬನೇ ಹೋಗುತ್ತಾನೆ. ಒಂದು ಗಿಡದ ಕೆಳಗೆ ಕುಳಿತು ಇನ್ನು ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಬೇಡುತ್ತಾನೆ. ಆಗ ದೇವರು ಉಪದೇಶ ಮಾಡಲಿಲ್ಲ, ಗದರಲಿಲ್ಲ. ದೂತ ಬಂದು ತಟ್ಟಿ ಎಬ್ಬಿಸಿ, ಬಿಸಿ ರೊಟ್ಟಿ ಮತ್ತು ನೀರು ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಎಬ್ಬಿಸಿ ಉಣ್ಣಲು ಹೇಳಿದ. ಮುಂದಿನ ದಾರಿ ದೂರವಿದೆ ಎಂಬುದಷ್ಟೇ ಅವನು ಕೊಟ್ಟ ಕಾರಣ.

ಮುಂದೆ ಬೆಟ್ಟದ ಗವಿಯಲ್ಲಿ ಎಲೀಯ, ಭಕ್ತರಲ್ಲಿ ನಾನೊಬ್ಬನೇ ಉಳಿದಿದ್ದೇನೆ ಎಂದು ಎರಡು ಸಲ ದೂರುತ್ತಾನೆ. ದೇವರು ಆ ಲೆಕ್ಕವನ್ನು ತಿದ್ದಿದರು. ತಮಗೆ ನಿಷ್ಠರಾದ ಏಳು ಸಾವಿರ ಮಂದಿ ಇಸ್ರಾಯೇಲಿನಲ್ಲಿ ಉಳಿದಿದ್ದಾರೆ ಎಂದು ತಿಳಿಸಿದರು. ಜೊತೆಗೆ ಎಲೀಷ ಎಂಬ ಒಬ್ಬ ಸಂಗಾತಿಯನ್ನೂ ತೋರಿಸಿಕೊಟ್ಟರು. ಎಲೀಯನ ಎಣಿಕೆ ಒಂದು, ದೇವರ ಎಣಿಕೆ ಏಳು ಸಾವಿರ. ಒಂಟಿತನ ನಮ್ಮ ಮಕ್ಕಳಿಗೆ ಮಾಡುವ ಮೋಸವೂ ಇದೇ. ಅದು ಲೆಕ್ಕವನ್ನು ತಪ್ಪಾಗಿ ತೋರಿಸುತ್ತದೆ. ಅದೇ ಸಿದ್ದಾಪುರದ ಅದೇ ಬೀದಿಯಲ್ಲಿ, ನಾಲ್ಕು ಮನೆಯಾಚೆ, ಅದೇ ಪುಸ್ತಕ ಹಿಡಿದು ಅದೇ ದುಗುಡದಲ್ಲಿ ಇನ್ನೊಬ್ಬರು ಕುಳಿತಿರುತ್ತಾರೆ. ಇಬ್ಬರೂ ತಾವೊಬ್ಬರೇ ಎಂದು ನಂಬಿರುತ್ತಾರೆ.

ಸುಂಕದ ಕಟ್ಟೆಯಿಂದ ಊಟದ ಪಂಕ್ತಿಗೆ

ಲೆಕ್ಕಪತ್ರದವರಿಗೆ ಪಾಲಕರಾದ ಸಂತರು ಮತ್ತಾಯನವರು. ಸೆಪ್ಟೆಂಬರ್ 21 ಅವರ ಹಬ್ಬ. ಸುಂಕದ ಕಟ್ಟೆಯಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದ ಅವರನ್ನು ಸ್ವಜನರೇ ದೂರವಿಟ್ಟಿದ್ದರು. ಯೇಸುಸ್ವಾಮಿ ಕರೆದ ಮೇಲೆ ಶುಭಸಂದೇಶ ಹೇಳುವ ಮುಂದಿನ ದೃಶ್ಯವೇ ಊಟದ್ದು: ಮನೆ ತುಂಬ ಜನ, ಎಲ್ಲರೂ ಒಂದೇ ಪಂಕ್ತಿಯಲ್ಲಿ. ಕರೆ ಬಂದದ್ದು ಒಬ್ಬನಿಗೆ, ಆದರೆ ಆ ಕರೆ ಅವರನ್ನು ತಲುಪಿಸಿದ್ದು ಹತ್ತು ಜನರ ನಡುವಿಗೆ.

ನಮ್ಮ ವಿದ್ಯಾರ್ಥಿಗಳು ನಿತ್ಯ ಅಭ್ಯಾಸ ಮಾಡುವ ಜಮಾ-ಖರ್ಚಿನ ಜೋಡಿ ನಮೂದು ಪದ್ಧತಿಯನ್ನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ವಿವರಿಸಿದವರು ಲೂಕಾ ಪಾಚೋಲಿ. ಅವರು ಫ್ರಾನ್ಸಿಸ್ಕನ್ ಸಭೆಯ ಸಂನ್ಯಾಸಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೂ ಒಬ್ಬರೇ ಮೂಲೆಯಲ್ಲಿ ಕುಳಿತವರಲ್ಲ. ಮಿಲಾನಿನಲ್ಲಿ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ಅವರಿಗೆ ಗೆಳೆಯನಾದ. ಅವರು ಗಣಿತ ಹೇಳಿಕೊಟ್ಟರು, ಅವನು ಅವರ ಇನ್ನೊಂದು ಗ್ರಂಥಕ್ಕೆ ಚಿತ್ರ ಬರೆದುಕೊಟ್ಟ. ಕಠಿಣ ವಿದ್ಯೆಗೂ ಸ್ನೇಹಕ್ಕೂ ವೈರವಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ವಿದ್ಯಾರ್ಥಿಗಳಿಗೆ ಕೆಲವು ಮಾತು

ಓದಿಗೆ ವೇಳಾಪಟ್ಟಿ ಹಾಕಿಕೊಳ್ಳುವವರು ಮನುಷ್ಯರ ಸಹವಾಸಕ್ಕೂ ಅದರಲ್ಲೊಂದು ಜಾಗ ಇಡಬೇಕು. ದಿನಕ್ಕೆ ಒಂದು ಹೊತ್ತಿನ ಊಟವಾದರೂ ಇನ್ನೊಬ್ಬರ ಎದುರು ಕುಳಿತು ಆಗಲಿ. ದಿನಕ್ಕೊಮ್ಮೆ ಒಂದು ಪರಿಚಿತ ಧ್ವನಿ ಕಿವಿಗೆ ಬೀಳಲಿ. ಮೊಬೈಲಿನಲ್ಲಿ ಅಕ್ಷರ ಕಳುಹಿಸುವುದು ಮಾತಾಡಿದಂತಲ್ಲ. ಸಿದ್ದಾಪುರದವರಿಗೆ ಲಾಲ್‌ಬಾಗ್ ಕಾಲ್ನಡಿಗೆಯ ದೂರ. ಬೆಳಗಿನ ಅರ್ಧ ಗಂಟೆ ಆ ಮರಗಳ ಕೆಳಗೆ ನಡೆದು ಬಂದರೆ ಕಳೆದುಹೋಗುವ ಪುಟಗಳು ಏನೂ ಇಲ್ಲ. ರಾತ್ರಿಯ ನಿದ್ದೆ ಮಾತ್ರ ಲಾಭ.

ಸಾಧ್ಯವಾದರೆ ಕೋಣೆಯಲ್ಲಿ ಓದುವುದಕ್ಕಿಂತ ವಾಚನಾಲಯದಲ್ಲಿ ಓದುವುದು ಒಳ್ಳೆಯದು. ಅಲ್ಲಿ ಯಾರೂ ಮಾತಾಡದಿದ್ದರೂ ಪಕ್ಕದಲ್ಲೊಬ್ಬರು ಪುಟ ತಿರುಗಿಸುವ ಸದ್ದೇ ಧೈರ್ಯ ಕೊಡುತ್ತದೆ. ವಾರಕ್ಕೆ ಎರಡು ದಿನ ಒಬ್ಬ ಜೊತೆಗಾರನೊಂದಿಗೆ ಕುಳಿತು, ಓದಿದ್ದನ್ನು ಪರಸ್ಪರ ಬಾಯಲ್ಲಿ ಒಪ್ಪಿಸಬೇಕು. ತೆರಿಗೆ ಕಾನೂನಿನ ಒಂದು ಕಲಮನ್ನು ಇನ್ನೊಬ್ಬರಿಗೆ ವಿವರಿಸಲು ಹೊರಟಾಗಲೇ ನಮಗೆ ಎಷ್ಟು ಅರ್ಥವಾಗಿದೆಯೆಂಬುದು ತಿಳಿಯುವುದು. ವಿದ್ಯಾರ್ಥಿಗಳಿಗೆಂದೇ ‘ಸಿಕಾಸ’ ಎಂಬ ಸಂಘವನ್ನು ಸಂಸ್ಥೆಯೇ ದಕ್ಷಿಣ ಭಾರತದಲ್ಲಿ ಏರ್ಪಡಿಸಿದೆ. ಅಲ್ಲಿಯೂ ಸಂಗಾತಿಗಳು ದೊರೆತಾರು.

ಭಾನುವಾರದ ಬಲಿಪೂಜೆಯನ್ನು ‘ಸಮಯವಿಲ್ಲ’ ಎಂದು ಬಿಡಬೇಡಿ. ಪೂಜೆ ಮುಗಿದ ಕೂಡಲೇ ಓಡಿಹೋಗಲೂ ಬೇಡಿ. ಹತ್ತು ನಿಮಿಷ ದೇವಾಲಯದ ಅಂಗಳದಲ್ಲಿ ನಿಂತು ಯಾರಾದರೊಬ್ಬರ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ಪರಮಪ್ರಸಾದವನ್ನು ನಾವು ಒಬ್ಬರೇ ಸೇವಿಸುವ ಊಟವಾಗಿ ಪಡೆಯುವುದಿಲ್ಲ, ಅದು ಪಂಕ್ತಿಭೋಜನ.

ಪರೀಕ್ಷೆ ಬರೆಯುವವರ ಪಾಲಕರೆಂದು ಭಕ್ತರು ಮೊರೆಹೋಗುವ ಕುಪರ್ತೀನೊ ಊರಿನ ಸಂತ ಜೋಸೆಫರ ಹಬ್ಬ ಸೆಪ್ಟೆಂಬರ್ 18ಕ್ಕೆ ಬರುತ್ತದೆ. ಹದಿನೇಳನೆಯ ಶತಮಾನದ ಈ ಸಂತರಿಗೆ ವಿದ್ಯೆ ಸುಲಭವಾಗಿ ಹತ್ತುತ್ತಿರಲಿಲ್ಲ. ಗುರುದೀಕ್ಷೆಯ ಪರೀಕ್ಷೆಯಲ್ಲಿ ಮೊದಲು ಉತ್ತರಿಸಿದ ಸಂಗಾತಿಗಳು ಬಹಳ ಚೆನ್ನಾಗಿ ಹೇಳಿದ್ದರಿಂದ ಪರೀಕ್ಷಕರು ಉಳಿದವರನ್ನು ಕೇಳದೆಯೇ ತೇರ್ಗಡೆ ಮಾಡಿದರೆಂದು ಪ್ರತೀತಿ. ಸಿ.ಎ. ಪರೀಕ್ಷೆಯಲ್ಲಿ ಹಾಗೆ ನಡೆಯದು, ನಿಜ. ಆದರೂ ಜೊತೆಗಾರರ ಬಲದಿಂದ ದಡ ಸೇರಿದ ಸಂತರೊಬ್ಬರು ಪರೀಕ್ಷಾರ್ಥಿಗಳ ಪಾಲಕರಾಗಿರುವುದು ಅರ್ಥಪೂರ್ಣವಾಗಿದೆ.

ಮನೆಯವರಿಗೆ

ಈ ಭಾರವನ್ನೆಲ್ಲ ಮಕ್ಕಳ ಮೇಲೆಯೇ ಹೊರಿಸಿ ನಾವು ಸುಮ್ಮನಿರುವಂತಿಲ್ಲ. ಜೋಡಿ ನಮೂದಿನ ಪುಸ್ತಕದಲ್ಲಿ ಪ್ರತಿಯೊಂದು ವ್ಯವಹಾರಕ್ಕೂ ಎರಡು ಕಡೆ ಇರುತ್ತದೆ. ಒಬ್ಬ ಹುಡುಗ ಒಂಟಿಯಾಗಿದ್ದಾನೆ ಎಂದು ಒಂದು ಕಡೆ ಬರೆದರೆ, ಯಾರೋ ಅವನನ್ನು ಒಂಟಿಯಾಗಿ ಬಿಟ್ಟಿದ್ದಾರೆ ಎಂದು ಇನ್ನೊಂದು ಕಡೆ ಬರೆಯಬೇಕಾಗುತ್ತದೆ.

ದೂರವಾಣಿಯಲ್ಲಿ ನಾವು ಮೊದಲು ಕೇಳುವುದೇನು? ‘ಓದಿದೆಯಾ? ಎಷ್ಟು ಮುಗಿಯಿತು? ಈ ಸಲ ಪಾಸಾಗುತ್ತೀಯಾ?’ ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದೆ ಎಷ್ಟೋ ಮಕ್ಕಳು ಮನೆಯ ಕರೆಯನ್ನೇ ಎತ್ತದಂತಾಗುತ್ತಾರೆ. ‘ಏನಪ್ಪಾ, ಊಟ ಆಯ್ತಾ?’ ಎಂಬ ಅಮ್ಮನ ಹಳೆಯ ಪ್ರಶ್ನೆಯೇ ಒಳ್ಳೆಯದು. ಎಲೀಯನಿಗೆ ದೇವದೂತ ಮೊದಲು ಹೇಳಿದ್ದೂ ಊಟದ ಮಾತನ್ನೇ. ಅನಂತರ ಮನೆಯ ಸುದ್ದಿ ಹೇಳಿ: ಹಸು ಕರು ಹಾಕಿತು, ಅಜ್ಜಿಗೆ ಮಂಡಿನೋವು ಕಡಿಮೆಯಾಯಿತು, ಹಿತ್ತಲಿನ ಹಲಸು ಹಣ್ಣಾಯಿತು. ಓದುವ ಮಗನಿಗೆ ಚಿಂತೆಯಾದೀತೆಂದು ಮನೆಯ ಸುಖದುಃಖಗಳನ್ನೆಲ್ಲ ಮುಚ್ಚಿಟ್ಟರೆ ಅವನು ಮನೆಯವನಾಗಿ ಉಳಿಯದೆ ಪರೀಕ್ಷೆಯ ಕುದುರೆಯಾಗುತ್ತಾನೆ.

ಪಕ್ಕದ ಮನೆಯವರ ಮಗಳು ಮೊದಲ ಸಲವೇ ತೇರ್ಗಡೆಯಾದಳು ಎಂಬ ಹೋಲಿಕೆಯನ್ನು ಬಿಡೋಣ. ಫಲಿತಾಂಶದ ದಿನ ಏನೇ ಬರಲಿ, ಆ ರಾತ್ರಿ ಮಗ ಒಬ್ಬನೇ ಇರದಂತೆ ನೋಡಿಕೊಳ್ಳೋಣ. ಸಾಧ್ಯವಿದ್ದರೆ ಅಪ್ಪನೋ ಅಣ್ಣನೋ ಹಿಂದಿನ ದಿನವೇ ಬಸ್ಸು ಹತ್ತಿ ಬರಲಿ.

ಧರ್ಮಕೇಂದ್ರಗಳಿಗೆ

ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಯಾದವರ, ಹಿರಿಯರ, ಯುವಜನರ ಸಂಘಗಳಿವೆ. ಇಪ್ಪತ್ತೆರಡರಿಂದ ಇಪ್ಪತ್ತೆಂಟರ ನಡುವಿನ, ಬೇರೆ ಊರಿನಿಂದ ಬಂದ, ಓದುತ್ತಲೇ ಇರುವ ಒಬ್ಬ ವಿದ್ಯಾರ್ಥಿ ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಅವನಿಗೆ ಇಲ್ಲಿ ಕುಟುಂಬದ ಕಾರ್ಡು ಇಲ್ಲ. 2019ರಲ್ಲಿ ಯುವಜನರನ್ನು ಕುರಿತು ಪ್ರಕಟಿಸಿದ ‘ಕ್ರಿಸ್ತುಸ್ ವೀವಿತ್’ ಪ್ರಬೋಧನೆಯಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಧರ್ಮಸಭೆ ಯುವಜನರಿಗೆ ಮನೆಯಾಗಬೇಕೆಂದು ಒತ್ತಿ ಹೇಳಿದರು. ಮನೆಯಾಗುವುದಕ್ಕೆ ದೊಡ್ಡ ಯೋಜನೆ ಬೇಡ. ಸಂಜೆಯ ಹೊತ್ತು ಖಾಲಿಯಿರುವ ಧರ್ಮೋಪದೇಶದ ಕೊಠಡಿಯೊಂದನ್ನು ಓದುವ ಮಕ್ಕಳಿಗೆ ತೆರೆದಿಡಬಹುದು. ದೀಪ, ಬೀಸಣಿಗೆ, ನಾಲ್ಕು ಮೇಜು ಸಾಕು. ಕಿರು ಕ್ರೈಸ್ತ ಸಮುದಾಯದ ಒಂದೊಂದು ಮನೆಯವರು ತಿಂಗಳಿಗೊಂದು ಭಾನುವಾರ ಇಂತಹ ಒಬ್ಬರನ್ನು ಊಟಕ್ಕೆ ಕರೆಯಬಹುದು. ಹೊಸಬರನ್ನು ಕಂಡರೆ ಯಾವ ಊರು, ಎಲ್ಲಿ ಉಳಿದಿದ್ದೀರಿ ಎಂದು ಕೇಳುವುದಕ್ಕೆ ಖರ್ಚಿಲ್ಲ.

ನೆರವು ಕೇಳುವುದು ಅಪನಂಬಿಕೆಯಲ್ಲ

ಒಂಟಿತನ ಕೆಲವೊಮ್ಮೆ ಕಾಯಿಲೆಯ ಕಡೆಗೆ ತಿರುಗುತ್ತದೆ. ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಕಾರಣವಿಲ್ಲದೆ ಅಳು ಬರುವುದು, ಪುಸ್ತಕ ತೆರೆದರೂ ಒಂದು ಸಾಲೂ ತಲೆಗೆ ಹತ್ತದಿರುವುದು, ಬದುಕಿ ಪ್ರಯೋಜನವೇನು ಎಂಬ ಮಾತು ಬಾಯಲ್ಲಿ ಬರುವುದು ಕಂಡರೆ ತಡ ಮಾಡದೆ ವೈದ್ಯರನ್ನು ಕಾಣಬೇಕು. 1974ರಲ್ಲಿ ರೂಪುಗೊಂಡು ಇಂದು ದೇಶಕ್ಕೇ ಹೆಸರಾಗಿರುವ ನಿಮ್ಹಾನ್ಸ್ ಆಸ್ಪತ್ರೆ ಸಿದ್ದಾಪುರಕ್ಕೆ ಹತ್ತಿರದಲ್ಲೇ, ಹೊಸೂರು ರಸ್ತೆಯಲ್ಲಿದೆ. ಹಿಂದಿನವರು ಆ ಜಾಗವನ್ನು ಕರೆಯುತ್ತಿದ್ದ ಹೆಸರನ್ನು ನೆನೆದು ಇಂದಿಗೂ ಹಿಂಜರಿಯುವ ಕುಟುಂಬಗಳಿವೆ. ಕಾಲು ಮುರಿದರೆ ಮೂಳೆ ವೈದ್ಯರಲ್ಲಿಗೆ ಹೋಗುವ ನಾವು ಮನಸ್ಸು ಕುಸಿದಾಗ ಮನೋವೈದ್ಯರಲ್ಲಿಗೆ ಹೋಗಲು ಏಕೆ ನಾಚಬೇಕು? 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಪ್ರಾರ್ಥನೆ ಬೇಕು, ಆದರೆ ಚಿಕಿತ್ಸೆಯ ಬದಲಿಗೆ ಪ್ರಾರ್ಥನೆ ಎನ್ನುವುದು ನಮ್ಮ ಧರ್ಮಸಭೆಯ ಬೋಧನೆಯಲ್ಲ. ಆಸ್ಪತ್ರೆಗಳನ್ನು ಕಟ್ಟಿದ ಸಭೆ ನಮ್ಮದು.

ಒಂದು ಪರೀಕ್ಷೆಯನ್ನು ಮತ್ತೆ ಬರೆಯಬಹುದು. ಒಂದು ಜೀವವನ್ನು ಮತ್ತೆ ಪಡೆಯಲಾಗದು. ಈ ಮಾತನ್ನು ಓದುವ ಮಕ್ಕಳು ನಮ್ಮ ಬಾಯಿಂದಲೇ, ಫಲಿತಾಂಶ ಬರುವ ಮೊದಲೇ ಕೇಳಿರಬೇಕು.

ಈ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ನಮ್ಮ ದೇವಾಲಯದ ಅಂಗಳದಲ್ಲಿ ಒಮ್ಮೆ ಸುತ್ತ ನೋಡೋಣ. ಹಿಂದಿನ ಸಾಲಿನಲ್ಲಿ ಒಬ್ಬರೇ ನಿಂತಿದ್ದು ಮೆಲ್ಲನೆ ಹೊರಟುಹೋಗುವ ಯುವಕನೋ ಯುವತಿಯೋ ಕಂಡರೆ ಕರೆದು ಮಾತಾಡಿಸೋಣ. ಮಧ್ಯಾಹ್ನದ ಅಡುಗೆಗೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕೋಣ. ಸುಂಕದ ಕಟ್ಟೆಯ ಮತ್ತಾಯನವರ ಬಳಿಗೆ ತಾವಾಗಿಯೇ ನಡೆದುಹೋದ ಪ್ರಭುವಿಗೆ ನಾವು ಸಲ್ಲಿಸಬಹುದಾದ ಸೇವೆ ಇದಕ್ಕಿಂತ ದೊಡ್ಡದೇನೂ ಇರಲಾರದು.